ಫೋನ್ ಎತ್ತಬ್ಯಾಡ್ರಿ, ಬಡ್ಕೊಳ್ಳಿ ಬಿಡ್ರಿ

...ಮೂರು ಸಲ. ಮೂರೇ ಇರಬೇಕು. ಅಥವಾ ಎರಡು ಸಲ ಬಡಿದು, ಮೂರನೆಯದನ್ನು ನಾನೇ ಆಮೇಲೆ ಸೇರಿಸಿಕೊಂಡೆನೇ? ನಡೆದದ್ದು ಮೊನ್ನೆ ಮೊನ್ನೆ. ಆಗಲೇ ನೆನಪು ಹೀಗೆ ಕೈ ಕೊಡುತ್ತಿದೆ.

ಅಲ್ಲಿದ್ದವರನ್ನು ಕೇಳಿದೆ. ಗಂಗಕ್ಕ ಮೂರು ಅಂದಳು. ಮೆಕ್ಯಾನಿಕ್ ಮೌಲಾ ಎರಡು ಅಂದ. ಸಾವ್ಕಾರ್ರು "ನಾಕು ಬಡೀತು, ನಾನು ಎಣಿಸೀನಿ" ಎಂದು ಎದೆ ತಟ್ಟಿಕೊಂಡರು. (ಅವರು ಆ ಹೊತ್ತಿಗೆ ಬಚ್ಚಲಲ್ಲಿದ್ದರು.)

ಒಂದು ರಿಂಗು ಹೆಚ್ಚುಕಡಿಮೆಯಾದರೆ ಏನು ಮುಳುಗಿತು ಅನ್ನುತ್ತೀರಾ? ನಮ್ಮ ಹೊಸಪೇಟೆಯ ಲಾರಿ ಆಫೀಸಿನಲ್ಲಿ ಒಂದು ರಿಂಗಿಗೂ ಎರಡು ರಿಂಗಿಗೂ ಇರುವ ದೂರ, ಸಂಡೂರಿಗೂ ಹೊಸಪೇಟೆಗೂ ಇರುವಷ್ಟು. ಮೂರನೆಯ ರಿಂಗಂತೂ ಕಂಪ್ಲಿಯವರೆಗೆ ಹೋಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ಸಾವ್ಕಾರ್ರು ಅಂದರೆ ವೀರಭದ್ರಪ್ಪನವರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದವರು, ಅದಿರಿನ ಬೆಲೆ ಏರಿದ ಮೇಲೆ ಲಾರಿ ಕೊಂಡರು. ಒಂದು ಕೊಂಡರು, ಆಮೇಲೆ ಕೊಳ್ಳುತ್ತಲೇ ಹೋದರು. ಬಳ್ಳಾರಿ ರಸ್ತೆಯಲ್ಲಿ ಅವರದೊಂದು ಕಾಂಪೌಂಡು. ಆಫೀಸು, ವರ್ಕ್‌ಶಾಪು, ಕ್ಯಾಂಟೀನು, ಡೀಸೆಲ್ ಬಂಕು, ಎಲ್ಲ ಅದರೊಳಗೇ. ಎಲ್ಲದರ ಮೇಲೂ ಕೆಂಪು ಧೂಳು. ಅಲ್ಲಿ ಬಿಳಿ ಅಂಗಿ ತೊಡುವ ಒಬ್ಬನೇ ಮನುಷ್ಯ ನಾನು, ಅದೂ ಮೊದಲ ದಿನ ಮಾತ್ರ.

ಯಾವ ಲಾರಿ ಯಾವ ಲೋಡಿಗೆ ಅಂತ ತೀರ್ಮಾನಿಸುವವಳು ಗಂಗಕ್ಕ. ಇಡೀ ಕಾಂಪೌಂಡಿಗೆ ಒಂದೇ ಫೋನು, ಅದು ಅವಳ ಮೇಜಿನ ಮೇಲೆ. ಗಂಗಕ್ಕ ಮಾತ್ರ ಮೇಜಿನಲ್ಲಿ ಇರುವುದೇ ಇಲ್ಲ. ಬಂಕಿಗೆ ಓಡುತ್ತಾಳೆ, ವರ್ಕ್‌ಶಾಪಿಗೆ ಓಡುತ್ತಾಳೆ, ಫೋನು ಬಡಿದರೆ ತಿರುಗಿ ಓಡಿ ಬರುತ್ತಾಳೆ.

ಒಂದು ದಿನ ಸಾವ್ಕಾರ್ರು ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಕೂತರು.

"ಸಾರ್, ದೊಡ್ಡ ಕಂಪ್ನಿಗೆ ಫೋನ್ ಹಚ್ಚಿದ್ರ ಒಬ್ಬಾಕಿ ಭಾಳ ಚಂದ ಮಾತಾಡ್ತಾಳಲ್ರಿ, ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ. ಅಂಥಾಕಿ ನಮಗೂ ಒಬ್ಬಾಕಿ ಬೇಕು."

ನನ್ನ ಓದುಗರಿಗೆ ಗೊತ್ತು, ಬಿಚ್ಚಿ ನೋಡಬಹುದಾದ ವಸ್ತು ಸಿಕ್ಕರೆ ನನಗೆ ಅನ್ನ ಸೇರುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜನ್ನೇ ಒಂದು ಸಾಫ್ಟ್‌ವೇರಾಗಿ ಬರೆದು, "ತಗೊಳ್ಳಿ, ಒಳಗೇನಿದೆ ಓದಿ, ಬೇಕಾದಂತೆ ತಿದ್ದಿ" ಎಂದು ಪುಕ್ಕಟೆ ಹಂಚುತ್ತಿದ್ದಾರೆ ಎಂದು ತಿಳಿದ ದಿನದಿಂದ ನಾನು ಒಬ್ಬ ಗಿರಾಕಿಗಾಗಿ ಕಾಯುತ್ತಿದ್ದೆ. ಪುಕ್ಕಟೆ ಎಕ್ಸ್‌ಚೇಂಜು! ಓಪನ್ ಸೋರ್ಸ್! ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರ್ ಒಂದಿದ್ದರೆ ಸಾಕು. ಇದಕ್ಕಿಂತ ಇನ್ನೇನು ಬೇಕು?

ಹಾಕಿದೆ. ಕಾಂಪೌಂಡಿನ ಮೂಲೆ ಮೂಲೆಗೂ ಕಂಪ್ಯೂಟರ್ ಕೇಬಲ್ ಎಳೆದೆ. ಗುಜರಿಯಲ್ಲಿ ಸಿಕ್ಕ ಹಳೆಯ ಫೋನುಗಳಿಗೆ ಒಂದೊಂದು ಪುಟ್ಟ ಡಬ್ಬಿ ಸಿಕ್ಕಿಸಿ, ಎಲ್ಲವನ್ನೂ, ಅದೇ ನಂಬರಿಗೆ ಸಾವ್ಕಾರ್ರು ಹಾಕಿಸಿದ ಇನ್ನಷ್ಟು ಲೈನುಗಳನ್ನೂ, ಆ ಕಂಪ್ಯೂಟರಿಗೆ ಸೇರಿಸಿದೆ. (ಹೊರಗಿನ ಫೋನ್ ಲೈನನ್ನು ಇಂಟರ್ನೆಟ್ಟಿನಲ್ಲಿ ಊರಿಂದೂರಿಗೆ ದಾಟಿಸುವುದು ಕಾನೂನಿಗೆ ವಿರುದ್ಧ. ಹಾಗಾಗಿ ನಮ್ಮ ಆಟವೆಲ್ಲ ಕಾಂಪೌಂಡ್ ಗೋಡೆಯೊಳಗೇ.) ಚಂದ ಮಾತಾಡುವವಳು ಬೇಕಲ್ಲ? ಗಂಗಕ್ಕನನ್ನೇ ಕೂರಿಸಿ ರೆಕಾರ್ಡ್ ಮಾಡಿದೆ.

"ನಮಸ್ಕಾರ. ತಾವು ಕರೆ ಮಾಡಿದ್ದಕ್ಕೆ ಧನ್ಯವಾದಗಳು. ಲೋಡಿನ ವಿಚಾರಕ್ಕೆ ದಯವಿಟ್ಟು ಒಂದನ್ನು ಒತ್ತಿ."

"ಹಿಂಗ್ಯಾರು ಮಾತಾಡ್ತಾರ್ರಿ ಸಾರ್? ಮಂದಿ ನಕ್ಕಾರು" ಅಂದಳು ಗಂಗಕ್ಕ. ಆದರೂ ತನ್ನ ದನಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಸಾವ್ಕಾರ್ರು ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ನೀರು ಕೀಬೋರ್ಡಿಗೆ ಹಾರಿತು. ಯಂತ್ರ ಅಂಜಲಿಲ್ಲ. ಹೊರಗಿನಿಂದ ಯಾರು ಫೋನ್ ಮಾಡಿದರೂ ಮೊದಲ ರಿಂಗಿಗೇ ಟಕ್ಕನೆ ಎತ್ತಿತು. "ನಮಸ್ಕಾರ." ಎಂಥ ಚುರುಕು! ನಾನು ಹಿಗ್ಗಿದೆ.

ಆ ಚುರುಕೇ ಎಡವಟ್ಟಾಯಿತು.

ನಮ್ಮ ಕಡೆ ಡ್ರೈವರುಗಳು ಫೋನ್ ಮಾಡುವುದಿಲ್ಲ, ಮಿಸ್ ಕಾಲ್ ಕೊಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಾನೇ ಮನೆಗೆ ಮಿಸ್ ಕಾಲ್ ಕೊಟ್ಟು ಅಕ್ಕಿ ಇಡಿಸುವವನು. ಆದರೆ ಇವರದು ದೊಡ್ಡ ವ್ಯವಸ್ಥೆ ಎಂದು ಆಮೇಲೆ ತಿಳಿಯಿತು. ಒಂದು ರಿಂಗ್ ಬಡಿದು ನಿಂತರೆ, ಗಣಿಯ ಗುಡ್ಡದಲ್ಲಿ ಲೋಡ್ ಆಯಿತು, ಯಶವಂತನಗರದಿಂದ ಇಳಿಯುತ್ತಿದ್ದೇನೆ ಅಂತ. ಎರಡು ಬಡಿದರೆ, ಹೊಸಪೇಟೆಗೆ ಬಂದೆ ಅಂತ. ನಂಬರ್ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ಒಂದು ಮಾತಿಲ್ಲ, ಒಂದು ಪೈಸೆ ಇಲ್ಲ. ಗಂಗಕ್ಕ ಕಿವಿಯಲ್ಲೇ ಇಡೀ ಸಂಡೂರು ರಸ್ತೆಯನ್ನು ನೋಡುತ್ತಿದ್ದಳು.

ಈಗ ನನ್ನ ಯಂತ್ರ ಮೊದಲ ರಿಂಗಿಗೇ ಎತ್ತುತ್ತಿದೆ. ಮಿಸ್ ಕಾಲ್ ಮಿಸ್ಸೇ ಆಗುತ್ತಿಲ್ಲ! ಡ್ರೈವರುಗಳ ಬ್ಯಾಲೆನ್ಸು ಕರಗಿತು. ಗಂಗಕ್ಕನಿಗೆ ಯಾರು ಎಲ್ಲಿದ್ದಾರೆಂದು ತಿಳಿಯದಾಯಿತು. "ಗಂಗಕ್ಕಗ ಏನೋ ಆಗೈತಲೇ, ಬಾಯಿ ನಡೀತೈತಿ, ಕಿವಿ ಕೇಳಂಗಿಲ್ಲ" ಎಂಬ ಸುದ್ದಿ ತೋರಣಗಲ್ಲಿನವರೆಗೂ ಹೋಯಿತು.

ನಗಬೇಡಿ. ನಗುವುದು ಅಲ್ಲಿಗೆ ಮುಗಿಯಿತು.

ಹುಲುಗಪ್ಪ ಎಂಬ ಡ್ರೈವರ್ ಇದ್ದಾನೆ. ಹೆಂಡತಿ ರೇಣುಕಾ ಹೆರಿಗೆಗೆಂದು ಕಂಪ್ಲಿಯ ತವರಿಗೆ ಹೋಗಿದ್ದಳು. ಹುಲುಗಪ್ಪ ಇರುವುದು ಗುಡ್ಡದ ಮೇಲೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಅವನ ಅತ್ತೆ ತಿಪ್ಪವ್ವನಿಗೂ ಗಂಗಕ್ಕನಿಗೂ ಒಂದು ಒಪ್ಪಂದವಾಗಿತ್ತು. ನೋವು ಶುರುವಾದರೆ ತಿಪ್ಪವ್ವ ಕಿರಾಣಿ ಅಂಗಡಿಯ ಕಾಯಿನ್ ಬಾಕ್ಸಿನಿಂದ ಮೂರು ರಿಂಗ್ ಕೊಡಬೇಕು, ಇಡಬೇಕು. ಗಂಗಕ್ಕ ಗುಡ್ಡಕ್ಕೆ ಹೋಗುವ ಮೊದಲ ಲಾರಿಯವನ ಕೈಲಿ ಹೇಳಿ ಕಳಿಸಬೇಕು. ಮೂರು ರಿಂಗು ಬೇರೆ ಯಾರಿಗೂ ಇಲ್ಲ, ಹುಲುಗಪ್ಪನಿಗೆ ಮಾತ್ರ.

ನಮ್ಮ ಯಂತ್ರ ಶುರುವಾದ ಮಾರನೆಯ ದಿನ ತಿಪ್ಪವ್ವ ಕಂಪ್ಲಿ ಬಸ್ಸಿನಿಂದ ಇಳಿದು ನೆಟ್ಟಗೆ ಆಫೀಸಿಗೆ ಬಂದಳು. ನಾನು ಅಲ್ಲೇ ಇದ್ದೆ. ಹುಲುಗಪ್ಪನೂ ಆಗಷ್ಟೇ ಗುಡ್ಡದಿಂದ ಬಂದು ಬಾಗಿಲ ಬಳಿ ನಿಂತಿದ್ದ.

"ಯಾಕ ಗಂಗವ್ವಾ, ನಾನು ನಿನಗೇನ್ ಮಾಡಿದ್ದೆ?"

"ಏನಾತು ದೊಡ್ಡವ್ವ? ಮೊದ್ಲು ಕುಂದ್ರು."

"ಕುಂದ್ರಾಕ ಬಂದಿಲ್ಲ. ಮಗಳಿಗೆ ನೋವು ಬಂದಾವ, ಹುಲುಗಪ್ಪಗ ಹೇಳವ್ವ ಅಂತ ನಾನು ಗಂಟ್ಲು ಹರ್ಕೊಂಡ್ರ, ನೀನು ಒಂದನ್ನು ಒತ್ತು, ಎರಡನ್ನು ಒತ್ತು ಅಂತೀ. ಏನ್ ಒತ್ಲಿ ನಾನು? ಅಕಿ ಹೊಟ್ಟಿ ಒತ್ಲೇನು?"

"ನಾನು ಮಾತಾಡೇ ಇಲ್ಲ ದೊಡ್ಡವ್ವ!"

"ನಿನ್ ದನಿ ನನಗ ತಿಳಿಯಂಗಿಲ್ಲೇನು? ಮ್ಯಾಲ ಧನ್ಯವಾದ ಬ್ಯಾರೆ ಹೇಳಿದಿ!"

ನಾನು ನಡುವೆ ಹೋಗಿ ರೆಕಾರ್ಡ್ ಹಾಕಿ ತೋರಿಸಿದೆ. ತಿಪ್ಪವ್ವ ಡಬ್ಬಿಯೊಳಗಿನ ಗಂಗಕ್ಕನನ್ನು ಕೇಳಿದಳು, ಹೊರಗಿನ ಗಂಗಕ್ಕನನ್ನು ನೋಡಿದಳು. ಸಿಟ್ಟು ನನ್ನ ಕಡೆ ತಿರುಗಿತು. ಅವಳು ಅಂದದ್ದನ್ನು ಪತ್ರಿಕೆಯಲ್ಲಿ ಬರೆಯಲಾಗುವುದಿಲ್ಲ.

ಪುಣ್ಯಕ್ಕೆ ಅವು ಸುಳ್ಳು ನೋವು. ಬಂದು, ನಿಂತಿದ್ದವು. ಆದರೆ ನಿಜವಾದವು ಇವತ್ತೋ ನಾಳೆಯೋ ಅನ್ನುವಂತಿತ್ತು. ಹುಲುಗಪ್ಪ ಬಾಗಿಲು ಬಿಟ್ಟು ನನ್ನ ಮುಂದೆ ಬಂದ.

"ಸಾರ್, ಹೋದ ಸಲ ಗಂಡು ಹುಟ್ಟಿತ್ತು. ನಾನು ಗುಡ್ಡದಿಂದ ಇಳ್ಯೋದ್ರಾಗ ಮಣ್ಣು ಮಾಡಿದ್ರು. ಮುಖನೂ ನೋಡಿಲ್ಲ ನಾನು. ಈ ಸಲ ಏನಾದ್ರಾಗ್ಲಿ, ನಾನು ಅಲ್ಲಿರ್ಬೇಕು. ಅಷ್ಟು ಮಾಡ್ರಿ."

ಗಂಗಕ್ಕ ನನ್ನ ಕಡೆ ತಿರುಗಿದಳು.

"ಸಾರ್, ನಿಮ್ಮ ಮಶೀನಿಗೆ ಹೇಳ್ರಿ. ಎತ್ತಬ್ಯಾಡ್ರಿ, ಬಡ್ಕೊಳ್ಳಿ ಬಿಡ್ರಿ. ಅಷ್ಟ."

ಅಷ್ಟೇ ತಾನೆ? ಯಂತ್ರಕ್ಕೆ "ತಡಿ" ಎಂದು ಒಂದು ಸಾಲು ಬರೆದರಾಯಿತು. ಬರೆದೆ. ಬೆಳಗಿನ ಹೊತ್ತು ಚೆನ್ನಾಗಿಯೇ ನಡೆಯಿತು. ಶಿಫ್ಟು ಬದಲಾಗುವ ಹೊತ್ತಿಗೆ ಯಶವಂತನಗರದಿಂದ, ರಸ್ತೆಯಿಂದ, ಎಲ್ಲೆಲ್ಲಿಂದಲೋ ಮಿಸ್ ಕಾಲುಗಳು ಸುರಿದವು. ಯಂತ್ರ ಏದುಸಿರು ಬಿಡತೊಡಗಿತು. ಅದಕ್ಕೆ ಮಿಸ್ ಕಾಲ್ ಯಾವುದು, ಮಾತಾಡುವ ಕಾಲ್ ಯಾವುದು, ಭೇದವಿಲ್ಲ. ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆದು ಚಾಪೆ ಹಾಸಿ ನೀರು ಕೊಡುವ ಸ್ವಭಾವ ಅದರದು. ಬಂದವನು "ಸುಮ್ನೆ ಹಾಯ್ದು ಹೊಂಟಿದ್ದೆ" ಅಂದರೂ ಬಿಡುವುದಿಲ್ಲ. ಮಾತಾಡುತ್ತಿದ್ದವರ ದನಿ ಮುರಿಯಿತು. ರಿಂಗುಗಳು ಅರ್ಧಕ್ಕೆ ನಿಂತು ಮತ್ತೆ ಬಡಿದವು. ಎರಡೋ ಮೂರೋ ಹೇಳುವವರು ಯಾರು? ಅಲ್ಲದೆ ಫೋನು ಬಡಿಯುವುದು ಗಂಗಕ್ಕನ ಮೇಜಿನಲ್ಲಿ. ಗಂಗಕ್ಕ ಇರುವುದು ಬಂಕಿನಲ್ಲಿ.

ಆಗ ನನಗೆ ಹೊಳೆಯಿತು. ಅಲ್ಲ, ಹೊಳೆಯಲಿಲ್ಲ. ಇಂಟರ್ನೆಟ್ಟಿನಲ್ಲಿ ಯಾವ ದೇಶದವನೋ ಬರೆದಿದ್ದ, ನಾನು ಓದಿದೆ. (ನೆನಪು ನೋಡಿ, ಸಿಕ್ಕಿದ ಹೆಗ್ಗಳಿಕೆಯನ್ನೆಲ್ಲ ನನ್ನ ಜೇಬಿಗೇ ಹಾಕುತ್ತದೆ.) ಅವನ ಸಲಹೆ ಇಷ್ಟು: ಒಂದೇ ಯಂತ್ರಕ್ಕೆ ಎರಡು ಕೆಲಸ ಹೇಳಬೇಡ. ಮಾತಾಡುವ ಯಂತ್ರ ಒಳಗಿರಲಿ. ಬಾಗಿಲಲ್ಲಿ ಇನ್ನೊಂದನ್ನು ನಿಲ್ಲಿಸು. ಅದರ ಹೆಸರು ಸಿಪ್ ಪ್ರಾಕ್ಸಿ.

ಸಿಪ್ ಅಂದರೆ ಚಹಾದ ಸಿಪ್ ಅಲ್ಲ. ಇಂಥ ಫೋನುಗಳು ಒಂದನ್ನೊಂದು ಕರೆಯಲು ಬಳಸುವ ಭಾಷೆ. ಪ್ರಾಕ್ಸಿ ಅಂದರೆ?

"ಪ್ರಾಕ್ಸಿ ಅಂದ್ರ ಕಾಲೇಜ್ನ್ಯಾಗ ಒಬ್ಬನ ಬದ್ಲಿ ಇನ್ನೊಬ್ಬ ಎಸ್ ಸಾರ್ ಅನ್ನೋದಲ್ಲೇನ್ರಿ?" ಸಾವ್ಕಾರ್ರಿಗೆ ಗಾಬರಿಯಾಯಿತು. "ನನ್ ಮಗ ಅದ್ರಾಗ ಸಿಕ್ಕಾಕ್ಕೊಂಡು ಒಂದು ವರ್ಷ ಮನಿಯಾಗ ಕುಂತ. ನಮ್ಮ ಆಫೀಸಿಗೆ ಅಂಥಾದ್ದು ಬ್ಯಾಡ್ರಿ."

ನಾನು ಹೇಳಿದೆ. ಆ ಥರದ ಪ್ರಾಕ್ಸಿ ಈಗಾಗಲೇ ಇದೆ ಸಾವ್ಕಾರ್ರೇ. ಗಂಗಕ್ಕ ಇಲ್ಲದಾಗ ಗಂಗಕ್ಕನ ದನಿಯಲ್ಲಿ "ಎಸ್ ಸಾರ್" ಅಂದದ್ದು ಅದೇ ಅಲ್ಲವೇ? ಇದು ಹಾಗಲ್ಲ. ನಮ್ಮ ಬಸ್ ಸ್ಟ್ಯಾಂಡ್ ಹೊರಗೆ ಪ್ರೈವೇಟ್ ಬಸ್ಸಿನವರ ಪರವಾಗಿ "ಕಂಪ್ಲಿ ಕಂಪ್ಲಿ ಕಂಪ್ಲೀ" ಎಂದು ಕೂಗುತ್ತಾ ನಿಂತಿರುತ್ತಾನಲ್ಲ ಒಬ್ಬ, ಇದು ಅವನು. ಅವನು ಬಸ್ ಓಡಿಸುವುದಿಲ್ಲ, ಟಿಕೆಟ್ ಹರಿಯುವುದಿಲ್ಲ, ಕಂಪ್ಲಿಗೂ ಹೋಗುವುದಿಲ್ಲ. ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಗೊತ್ತು, ಬಂದವರನ್ನು ಆ ಕಡೆ ತಿರುಗಿಸುತ್ತಾನೆ. ಎಷ್ಟೇ ಜನ ನುಗ್ಗಲಿ, ಅವನಿಗೆ ಭಾರವಾಗುವುದಿಲ್ಲ. ಯಾಕೆಂದರೆ ಅವನು ಯಾರನ್ನೂ ಹೊರುವುದಿಲ್ಲ!

"ಹಂಗಂದ್ರ ಮಾತಾಡಂಗಿಲ್ಲ ಅದು?"

"ಒಂದಕ್ಷರ ಆಡಂಗಿಲ್ಲ."

"ಹಂಗಾದ್ರ ಹಾಕ್ರಿ ಜಲ್ದಿ."

ಓದುಗರೇ, ಆ ಭಾನುವಾರವನ್ನು ಹೇಗೆ ಹೇಳಲಿ? ಅಂಗಡಿಯಿಂದ ಇನ್ನೊಂದು ಹಳೆಯ ಕಂಪ್ಯೂಟರ್ ತಂದೆ. ಫ್ಯಾನಿನಿಂದ ಹಿಡಿ ಕೆಂಪು ಧೂಳು ಹೊಡೆದೆ. ಮೊದಲ ಸಲ ಎರಡು ಯಂತ್ರಗಳೂ ಒಂದೇ ಕರೆಯನ್ನು ನೀನು ತಗೋ ನೀನು ತಗೋ ಎಂದು ಒಂದಕ್ಕೊಂದು ದಬ್ಬುತ್ತಾ ತಿರುಗಿದವು. ಎರಡನೆಯ ಸಲ ಪ್ರಾಕ್ಸಿ ಎಲ್ಲರನ್ನೂ ಬಾಗಿಲಿಂದಲೇ ಅಟ್ಟಿತು. ನಾನು ಬೈದೆ, ತಿದ್ದಿದೆ, ಒಗ್ಗರಣೆ ಮಿರ್ಚಿ ತಿಂದೆ, ಮತ್ತೆ ತಿದ್ದಿದೆ. ಆಮೇಲೆ ನನ್ನ ಮೊಬೈಲಿನಿಂದ ಆಫೀಸಿನ ನಂಬರ್ ಒತ್ತಿದೆ.

ಆಫೀಸಿನಲ್ಲಿ ಬಡಿಯಿತು. ಅದೇ ಗಳಿಗೆಯಲ್ಲಿ ವರ್ಕ್‌ಶಾಪಿನಲ್ಲಿ ಬಡಿಯಿತು. ಕ್ಯಾಂಟೀನಿನಲ್ಲಿ ಬಡಿಯಿತು. ದೂರದ ಬಂಕಿನಲ್ಲೂ ಬಡಿಯಿತು. ಒಂದು ಕರೆ, ಇಡೀ ಕಾಂಪೌಂಡು ಒಟ್ಟಿಗೆ! ಕ್ಯಾಂಟೀನಿನವನು ಎತ್ತಿದ, ಉಳಿದವೆಲ್ಲ ತಟ್ಟನೆ ಬಾಯಿ ಮುಚ್ಚಿದವು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಿವಿಯಾರೆ ಕೇಳುವುದೇ ಬೇರೆ. ಮೈ ಜುಮ್ಮೆಂದಿತು. ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮೌಲಾ ಸ್ಪ್ಯಾನರ್ ಹಿಡಿದು ಓಡಿ ಬಂದ. "ಕ್ಯಾ ಹುವಾ ಸಾಬ್, ಶಾಕ್ ಹೊಡೀತಾ?"

ಐದು ರಿಂಗಿನವರೆಗೆ ಪ್ರಾಕ್ಸಿ ಸುಮ್ಮನೆ ಬಡಿಸುತ್ತದೆ. ಅದರೊಳಗೆ ಇಟ್ಟರೆ ಮಿಸ್ ಕಾಲ್, ಒಳಗಿನ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಐದು ದಾಟಿದರೆ ಇವನಿಗೆ ನಿಜವಾಗಿಯೂ ಮಾತಾಡುವುದಿದೆ ಎಂದು ತಿಳಿದು ಒಳಗೆ ಕಳಿಸುತ್ತದೆ. ಅಲ್ಲಿ ಡಬ್ಬಿ ಗಂಗಕ್ಕ "ನಮಸ್ಕಾರ" ಅನ್ನುತ್ತಾಳೆ. ಒಬ್ಬ ಬಾಗಿಲಿಗೆ, ಒಬ್ಬಾಕಿ ಮಾತಿಗೆ. ಎಷ್ಟು ಸರಳ! ಇಷ್ಟು ದಿನ ಯಾಕೆ ತಿಳಿಯಲಿಲ್ಲ?

ಮಾರನೆಯ ದಿನದಿಂದ ಇಡೀ ಕಾಂಪೌಂಡು ಎಣಿಸತೊಡಗಿತು. ಫೋನು ಬಡಿದರೆ ಕ್ಯಾಂಟೀನಿನವನ ಸೌಟು ಗಾಳಿಯಲ್ಲಿ ನಿಲ್ಲುತ್ತಿತ್ತು. "ಒಂದs... ನಿಂತಿತು. ಲೋಡಾತು ಯಾರ್ದೋ." ಮೊದಲು ಗಂಗಕ್ಕನಿಗೆ ಮಾತ್ರ ಗೊತ್ತಿದ್ದದ್ದು ಈಗ ಎಲ್ಲರಿಗೂ ಗೊತ್ತು. ಎರಡನೆಯ ರಿಂಗ್ ನಿಂತ ಕೂಡಲೇ ಯಾರೂ ಹೇಳದೆಯೇ ಬಂಕಿನವನು ಪೈಪು ಎತ್ತುತ್ತಿದ್ದ. ಶಿಫ್ಟು ಬದಲಾಗುವ ಹೊತ್ತಿನಲ್ಲೂ ಯಂತ್ರ ಉಸಿರು ಕಟ್ಟಲಿಲ್ಲ.

ಮೂರು ಮಾತ್ರ ಬಡಿಯಲಿಲ್ಲ. ದಿನ ಹೋಯಿತು, ಮತ್ತೆ ದಿನ ಹೋಯಿತು. ಹುಲುಗಪ್ಪ ಪ್ರತಿ ಟ್ರಿಪ್ಪಿಗೂ ಆಫೀಸಿನ ಕಿಟಕಿಯಲ್ಲಿ ತಲೆ ಹಾಕುತ್ತಿದ್ದ. ಗಂಗಕ್ಕ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ತಿಪ್ಪವ್ವನಿಗೆ ಸುದ್ದಿ ಮುಟ್ಟಿತ್ತು, ಈಗ ಮಶೀನು ಎತ್ತುವುದಿಲ್ಲ, ಮೊದಲಿನಂತೆ ಮೂರು ರಿಂಗ್ ಕೊಡು ಅಂತ. ಮುಟ್ಟಿತ್ತು ಅಂತ ನಾವು ತಿಳಿದಿದ್ದೆವು.

ಆ ಮಧ್ಯಾಹ್ನ ನಾನು ಕ್ಯಾಂಟೀನಿನಲ್ಲಿದ್ದೆ. ಹುಲುಗಪ್ಪನ ಲಾರಿ ವರ್ಕ್‌ಶಾಪಿನಲ್ಲಿ ನಿಂತಿತ್ತು, ಅವನೂ ಮೌಲಾನೂ ಅದರ ಕೆಳಗೆ ಮಲಗಿ ಗ್ರೀಸ್ ಹೊಡೆಯುತ್ತಿದ್ದರು. ಫೋನುಗಳು ಬಡಿದವು. ಎಲ್ಲ ಕಡೆ, ಒಟ್ಟಿಗೆ. ಒಂದು. ಎರಡು. ಸೌಟು ನಿಂತೇ ಇತ್ತು. ಆಮೇಲೆ, ನನ್ನ ನೆನಪು ನಿಜವಾಗಿದ್ದರೆ, ಇನ್ನೊಂದು.

ನಿಂತಿತು.

ಬಂಕಿನ ಕಡೆಯಿಂದ ಗಂಗಕ್ಕ ಕೂಗಿದಳು, "ಹುಲುಗಪ್ಪಾ!" ಅವನು ಆಗಲೇ ಲಾರಿಯ ಕೆಳಗಿನಿಂದ ಉರುಳಿ ಹೊರಗೆ ಬಂದಿದ್ದ. ಮೊಣಕೈವರೆಗೂ ಗ್ರೀಸು. "ಮೌಲಾ, ಗಾಡಿ ತೆಗಿಯಲೇ!" ಇಬ್ಬರೂ ಬೈಕಿನಲ್ಲಿ ಗೇಟು ದಾಟಿದರು. ಸಾವ್ಕಾರ್ರು ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬಂದು "ಏನಾತ್ರಲೇ?" ಅಂದಾಗ ಧೂಳು ಮಾತ್ರ ಇತ್ತು.

ಆಮೇಲೆ ಕಾಯುವುದು. ಲಾರಿಗಳ ಮಿಸ್ ಕಾಲ್ ಬಂದರೂ ಯಾರಿಗೂ ಅದರ ಕಡೆ ಮನಸ್ಸಿಲ್ಲ. ಸಂಜೆಯಾಗುವ ಹೊತ್ತಿಗೆ ಫೋನು ಬಡಿಯಿತು. ಒಂದು, ಎರಡು, ಮೂರು, ನಾಲ್ಕು, ಐದು. ನಿಲ್ಲಲಿಲ್ಲ. ಯಾರೂ ಎತ್ತಲಿಲ್ಲ, ಎತ್ತಬಾರದೆಂದು ಎಲ್ಲರಿಗೂ ಅಷ್ಟು ರೂಢಿಯಾಗಿತ್ತು. ಪ್ರಾಕ್ಸಿ ಕರೆಯನ್ನು ಒಳಗೆ ಕಳಿಸಿತು. ಅತ್ತ ಕಡೆಯವನು "ನಮಸ್ಕಾರ" ಕೇಳಿ, "ಧನ್ಯವಾದಗಳು" ಕೇಳಿ, ಕೊನೆಗೆ ಒಂದನ್ನು ಒತ್ತಿದ. ನಮ್ಮ ಲಾರಿಯವರ ಪೈಕಿ ಒಂದನ್ನು ಒತ್ತಿದ ಮೊದಲ ಮನುಷ್ಯ. ಗಂಗಕ್ಕನ ಮೇಜಿನ ಫೋನು ಬಡಿಯಿತು. ಅವಳು ಎತ್ತಿದಳು.

"ಗಂಗಕ್ಕಾ, ಹೆಣ್ಣು. ಕೈ ತೊಳ್ಕೊಳ್ಳೋದ್ರಾಗ ಅಳು ಕೇಳಿಸ್ತು. ಮುಖ ನೋಡಿದೆ."

ಗಂಗಕ್ಕ "ಆತು, ಆತು ಬಿಡಪಾ" ಎಂದು ಫೋನಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡಿ, "ಸಾರ್, ನಿಮ್ಮ ಬಸ್ ಸ್ಟ್ಯಾಂಡಿನಾತ ಮಸ್ತ್ ಅದಾನ್ರಿ" ಅಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆಂದ! ಆದರೆ ನನಗೆ ಹೊಗಳಿಸಿಕೊಳ್ಳುವ ಚಪಲ. ಮಗುವಿಗೆ ಕುಲಾವಿ ಕೊಡುವ ನೆಪದಲ್ಲಿ ಗಂಗಕ್ಕನ ಜೊತೆ ಕಂಪ್ಲಿಗೆ ಹೋದೆ. ಹುಲುಗಪ್ಪ ಮಗುವನ್ನು ಸ್ಟಿಯರಿಂಗ್ ಹಿಡಿದಂತೆ ಹಿಡಿದು ಕೂತಿದ್ದ. ನಾನು ತಿಪ್ಪವ್ವನನ್ನು ಕೇಳಿದೆ. ಈ ಸಲ ಮೂರು ರಿಂಗ್ ಕೊಟ್ಟಾಗ ಯಾರೂ ನಡುವೆ ಮಾತಾಡಲಿಲ್ಲ ತಾನೆ?

"ಯಾವ ರಿಂಗು?"

ನಾವು ಆ ಮಧ್ಯಾಹ್ನದ್ದನ್ನು ಹೇಳಿದೆವು.

"ನಾನೆಲ್ಲಿ ಕೊಟ್ಟೆ? ಅವತ್ತು ಅಂಗಡಿ ಬಾಗ್ಲಾ ಹಾಕಿತ್ತು. ಮಗಳನ್ನ ಬಿಟ್ಟು ನಾನು ಹೊಸ್ತಿಲ ದಾಟಿಲ್ಲ. ನಿಮ್ಮ ಮಶೀನ್ ಸವಾಸನ ಬ್ಯಾಡ ಅಂತ ಬಿಟ್ಟಿದ್ದೆ."

ಗಂಗಕ್ಕ ನನ್ನನ್ನು ನೋಡಿದಳು. ನಾನು ಕುಲಾವಿಯನ್ನು ನೋಡಿದೆ.

ತಿರುಗಿ ಬಂದು ಹುಡುಕಿದೆ. ಆ ಕರೆಗೆ ನಂಬರ್ ಬಂದಿರಲಿಲ್ಲ. (ಕೆಲವು ಹಳೆಯ ಎಕ್ಸ್‌ಚೇಂಜುಗಳ ಕಡೆಯಿಂದ ಬಂದರೆ ಹಾಗಾಗುವುದುಂಟು.) ಇನ್ನೊಂದು ವಿಷಯವೂ ತಿಳಿಯಿತು. ಫೋನ್ ಮಾಡಿದವನ ಕಿವಿಯಲ್ಲಿ ಕೇಳುವ ರಿಂಗೇ ಬೇರೆ, ಇಲ್ಲಿ ಬಡಿಯುವ ರಿಂಗೇ ಬೇರೆ. ಎರಡಕ್ಕೂ ತಾಳ ಕೂಡಬೇಕೆಂದಿಲ್ಲ. ಅಲ್ಲಿ ಎರಡು ಕೇಳಿ ಇಟ್ಟರೆ ಇಲ್ಲಿ ಮೂರು ಬಡಿದಿರಬಹುದು. ಹಾಗಾದರೆ ಯಾವನೋ ಡ್ರೈವರ್ "ಹೊಸಪೇಟೆಗೆ ಬಂದೆ" ಅಂದದ್ದೇ? ಡ್ರೈವರುಗಳನ್ನು ಕೇಳಿದೆ. ಮೊದಲು ಯಾರೂ ಅಲ್ಲ ಅಂದರು. ಮಗು ಹುಟ್ಟಿದ ಕತೆ ಹಬ್ಬಿದ ಮೇಲೆ ಮೂವರು "ನಾನ ಕೊಟ್ಟಿದ್ದು" ಅನ್ನುತ್ತಿದ್ದಾರೆ.

ಹುಲುಗಪ್ಪನಿಗೆ ಇದೆಲ್ಲ ಬೇಡ. "ಯಾರರ ಕೊಟ್ಟಿರ್ಲಿ ಬಿಡ್ರಿ ಸಾರ್, ಬಡೀತಲ್ಲ" ಎಂದು ಗುಡ್ಡಕ್ಕೆ ಹೋದ.

ಬಡಿದದ್ದು ನಿಜ. ಎಷ್ಟು ಸಲ, ಯಾರು ಅಂತ ನನಗೆ ಗೊತ್ತಿಲ್ಲ.